ಎಂಆರ್‌ಐಲಿ ಬಲ್ಜ್ ಅಂತ ಬಂದಿದೆ, ಅಡಿಕೆ ಸುಲಿಯೋದು ಬಿಟ್ಬಿಡ್ಲಾ?

ಪ್ರಶ್ನೆ: ನಾನು ಹೊಸನಗರ ತಾಲೂಕಿನವಳು, ವಯಸ್ಸು 41. ಎರಡು ಎಕರೆ ತೋಟ, ಎರಡು ಹಸು. ಕೊಯ್ಲು ಶುರುವಾದ ಮೇಲೆ ರಾತ್ರಿ ಹತ್ತೂವರೆ ತನಕ ಅಡಿಕೆ ಸುಲೀತೀವಿ. ಎರಡು ತಿಂಗಳಿಂದ ಸೊಂಟ ನೋವು. ಬೆಳಿಗ್ಗೆ ಹಾಲು ಕರೆಯೋಕೆ ಕೂತ್ರೆ ಏಳೋಕಾಗಲ್ಲ, ಕೆಲವು ಸಲ ಬಲಗಡೆ ಕುಂಡೆ ತನಕ ಎಳೆಯುತ್ತೆ, ಅದಕ್ಕಿಂತ ಕೆಳಗೆ ಬರಲ್ಲ. ಎಂಆರ್‌ಐ ಮಾಡಿಸಿದ್ವಿ, ಎಲ್4-ಎಲ್5 ಡಿಸ್ಕ್ ಬಲ್ಜ್, ಡಿಜನರೇಶನ್ ಅಂತ ಬರ್ದಿದ್ದಾರೆ. ಮುಂದೆ ಆಪರೇಷನ್ ಬೇಕಾಗ್ಬೋದು ಅಂತ ಒಬ್ರು ಹೆದರಿಸಿದ್ರು. ಒಂದು ತಿಂಗಳು ಬೆಡ್ ರೆಸ್ಟ್ ಅಂದಿದ್ದಾರೆ, ಅತ್ತೆ (68 ವರ್ಷ) ನೆಲದ ಮೇಲೆ ಮಲಗು ಅಂತಾರೆ, ನಮ್ಮನೆಯವರು ಬೆಲ್ಟ್ ತಂದಿದ್ದಾರೆ, ನಮ್ಮಕ್ಕ ಹೇಳ್ತಾಳೆ ಸಿಸೇರಿಯನ್ ಟೈಮಲ್ಲಿ ಬೆನ್ನಿಗೆ ಕೊಟ್ಟ ಸೂಜಿಯಿಂದಲೇ ಇದು ಅಂತ. ನಾನು ಮಲಗಿದ್ರೆ ಕೊಟ್ಟಿಗೆ ಯಾರು ನೋಡ್ತಾರೆ? ಏನಾದ್ರೂ ದಾರಿ ಹೇಳಿ.

ಉತ್ತರ:

ಅಕ್ಕಾ, ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು ಎಂಆರ್‌ಐ ಮೇಲಲ್ಲ, ‘ಬೆಳಿಗ್ಗೆ ಹಾಲು ಕರೆಯೋಕೆ ಕೂತ್ರೆ’ ಅನ್ನೋ ಮಾತಿನ ಮೇಲೆ. ಅದಕ್ಕೆ ಆಮೇಲೆ ಬರ್ತೀನಿ, ಇಡೀ ಉತ್ತರದ ಗಂಟು ಅಲ್ಲೇ ಇದೆ. ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದ ಮೇಲಾಯ್ತು ನಾನು ಫಿಸಿಯೋಥೆರಪಿ ಮಾಡ್ತಾ, ದೀಪಾವಳಿ ಆದ ಮೇಲೆ ಬರೋ ಸೊಂಟ ನೋವಿನ ಪೇಷಂಟ್‌ಗಳಲ್ಲಿ ಎಷ್ಟೋ ಜನ ನಿಮ್ಮ ಹಂಗೇ, ಕೈಯಲ್ಲಿ ದೊಡ್ಡ ಎಂಆರ್‌ಐ ಕವರ್, ಬೆರಳ ತುದಿ ಅಡಿಕೆ ಚೊಗರಿಗೆ ಕಪ್ಪಾಗಿರುತ್ತೆ. ನಾನು ಮೊದ್ಲು ಕೈ ನೋಡ್ತೀನಿ, ಆಮೇಲೆ ಕವರ್.

ಮೊದ್ಲು ಒಂದು ವಿಷಯ ತಲೆಯಿಂದ ತೆಗೆದು ಪಕ್ಕಕ್ಕಿಡೋಣ, ಅಪಾಯದ ಲಕ್ಷಣ ಇದ್ಯಾ ಇಲ್ವಾ ಅಂತ. ಎರಡು ತೊಡೆ ಮಧ್ಯೆ, ಅಂದ್ರೆ ಸೈಕಲ್ ಸೀಟು ತಾಗೋ ಜಾಗದಲ್ಲಿ ಜೋಮು ಹಿಡಿದ ಹಂಗೆ ಆಗೋದು, ಮೂತ್ರ ಬಂದ ಹಂಗಾಗಿ ಹೋಗದೇ ಇರೋದು ಅಥವಾ ಗೊತ್ತಿಲ್ದೆ ಹೋಗ್ಬಿಡೋದು, ಪಾದ ಎತ್ತೋಕಾಗ್ದೆ ಚಪ್ಪಲಿ ಜಾರಿ ಬೀಳೋದು, ಎರಡೂ ಕಾಲಲ್ಲಿ ಶಕ್ತಿ ಕಮ್ಮಿ ಆಗೋದು, ಇವುಗಳಲ್ಲಿ ಒಂದು ಬಂದ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ ರಾತ್ರಿನೇ ದೊಡ್ಡಾಸ್ಪತ್ರೆಗೆ ಹೊರಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಬನ್ನಿ ಬೇಕಾದ್ರೆ. ಅಲ್ಲಿ ನರದ ಗೊಂಚಲೇ ಒತ್ತಿಗೆ ಸಿಕ್ಕಿರುತ್ತೆ, ತಡ ಆದ್ರೆ ಮೂತ್ರದ ಹಿಡಿತ ವಾಪಸ್ ಬರದೇ ಹೋಗ್ಬೋದು. ಇನ್ನೊಂದು ಗುಂಪು ನಿಧಾನದ್ದು. ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಮಲಗಿದ್ರೂ ಕೂತ್ರೂ ಒಂದೇ ಸಮ ನೋವು, ಅಂದ್ರೆ ಬೆನ್ನುಮೂಳೆ ಟಿಬಿ ಇದ್ಯಾ ಅಂತ ನೋಡ್ಬೇಕು, ನಮ್ಮ ದೇಶದಲ್ಲಿ ಅದು ಅಪರೂಪ ಏನಲ್ಲ. ದನ ಸಾಕೋರಿಗೆ ಇನ್ನೂ ಒಂದು ಮಾತು ಸೇರಿಸ್ತೀನಿ: ಕಂದು ಹಾಕಿದ ಹಸುವಿನ ಸತ್ತೆ (ಮಾಸು) ಬರಿಗೈಲಿ ತೆಗ್ದಿದ್ರೆ ಅಥವಾ ಹಸಿ ಹಾಲು ಕುಡಿಯೋ ಅಭ್ಯಾಸ ಇದ್ರೆ, ಬಿಟ್ಟು ಬಿಟ್ಟು ಜ್ವರ ಬಂದು ಸೊಂಟ ನೋವಾಗ್ತಿದ್ರೆ ಡಾಕ್ಟರ್‌ಗೆ ಅದನ್ನ ಬಾಯಿಬಿಟ್ಟು ಹೇಳಿ. ಬ್ರೂಸೆಲ್ಲಾ ಅಂತ ಒಂದು ಸೋಂಕು ದನದಿಂದ ಮನುಷ್ಯರಿಗೆ ಬರುತ್ತೆ, ಬೆನ್ನುಮೂಳೆ ಹಿಡ್ಕೊಳ್ಳುತ್ತೆ, ನೀವು ಹೇಳದೇ ಇದ್ರೆ ಪೇಟೆ ಡಾಕ್ಟರ್ ತಲೆಗೆ ಅದು ಹೊಳೆಯಲ್ಲ.

ನೀವು ಬರ್ದಿದ್ರಲ್ಲಿ ಇದ್ಯಾವುದೂ ಇಲ್ಲ. ನೋವು ಕುಂಡೆ ತನಕ ಬಂದು ನಿಂತಿದೆ, ಮೊಣಕಾಲು ದಾಟಿಲ್ಲ, ಜೋಮಿಲ್ಲ. ಇದು ಒಳ್ಳೆ ಸುದ್ದಿ. ನೂರು ಜನ ಸೊಂಟ ನೋವಿನವರಲ್ಲಿ ಸುಮಾರು ತೊಂಬತ್ತು ಜನರದ್ದು ಈ ಥರದ್ದೇ, ಇದೇ ಮೂಳೆ ಇದೇ ನರ ಅಂತ ಬೆರಳಿಟ್ಟು ತೋರಿಸೋಕಾಗದ ನೋವು.

ಈಗ ಆ ಬಲ್ಜ್. ಡಿಸ್ಕ್ ಅಂದ್ರೆ ಬೆನ್ನುಮೂಳೆಗಳ ಮಧ್ಯೆ ಇರೋ ಮೆತ್ತೆ, ಅದು ಉಬ್ಬಿದ್ರೆ ಬಲ್ಜ್, ಸವೆದ್ರೆ ಡಿಜನರೇಶನ್, ಎಲ್4-ಎಲ್5 ಅಂದ್ರೆ ಸೊಂಟದ ನಾಲ್ಕನೇ ಐದನೇ ಮೂಳೆ. ಎಂಆರ್‌ಐ ಅಂದ್ರೆ ಒಳಗಿನ ಫೋಟೋ ಅಷ್ಟೇ, ಆ ಫೋಟೋದಲ್ಲಿ ನೋವು ಕಾಣ್ಸಲ್ಲ. 2015ರಲ್ಲಿ ಒಂದು ದೊಡ್ಡ ಲೆಕ್ಕ ಬಂತು, ಸೊಂಟ ನೋವು ಇಲ್ಲವೇ ಇಲ್ಲದ 3,110 ಜನರ ಬೆನ್ನಿನ ಸ್ಕ್ಯಾನುಗಳನ್ನ ಒಟ್ಟು ಹಾಕಿ ನೋಡಿದ್ರು. ನಲವತ್ತು ವರ್ಷದವರಲ್ಲಿ ಶೇ. 68 ಜನಕ್ಕೆ ಡಿಸ್ಕ್ ಸವೆದಿತ್ತು, ಶೇ. 50 ಜನಕ್ಕೆ ಬಲ್ಜ್ ಇತ್ತು. ನೋವಿಲ್ಲದವರಿಗೆ ಮಾರಾಯ್ರೆ! ಇಪ್ಪತ್ತರ ಹುಡುಗರಲ್ಲೇ ಶೇ. 30 ಜನಕ್ಕೆ ಬಲ್ಜ್ ಇತ್ತು. ಅಂದ್ರೆ ನಿಮ್ಮೂರಲ್ಲಿ ನಿಮ್ಮ ವಯಸ್ಸಿನ ಹತ್ತು ಜನ ಹೆಂಗಸರನ್ನ, ಆರಾಮಾಗಿ ಓಡಾಡ್ಕೊಂಡು ಇರೋರನ್ನ, ಸಾಲಾಗಿ ಸ್ಕ್ಯಾನ್ ಒಳಗೆ ಮಲಗಿಸಿದ್ರೆ ಐದು ಜನರ ರಿಪೋರ್ಟಲ್ಲಿ ನಿಮ್ಮ ಪದವೇ ಬರುತ್ತೆ. ಕೂದಲು ನರೆಯೋ ಹಂಗೆ ಡಿಸ್ಕೂ ನರೆಯುತ್ತೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಹೆಸರಿದೆಯಲ್ಲ, ‘ಗ್ಯಾಪ್ ಬಂದಿದೆ’ ಅಂತ. ಆ ಪದದ ಮೇಲೆ ನಂಗೆ ತುಂಬಾ ಸಿಟ್ಟಿದೆ. ಗ್ಯಾಪ್ ಅಂದ ಕೂಡ್ಲೇ ಮನುಷ್ಯ ತನ್ನ ಬೆನ್ನು ಎರಡು ತುಂಡಾಗಿ ಮಧ್ಯೆ ಗಾಳಿ ಆಡ್ತಿದೆ ಅಂದ್ಕೊಂಡು ಬಗ್ಗೋದು ಬಿಡ್ತಾನೆ, ನಡೆಯೋದು ಬಿಡ್ತಾನೆ, ಆರು ತಿಂಗಳಲ್ಲಿ ಬೆನ್ನಿನ ಮಾಂಸಖಂಡ ಸೊರಗಿ ನಿಜವಾಗ್ಲೂ ಕೈಲಾಗದವನಾಗ್ತಾನೆ. ಡಿಸ್ಕ್ ಎಲ್ಲೂ ಜಾರಿ ಬೀಳಲ್ಲ, ಮೇಲಿನ ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟ್ಕೊಂಡಿರುತ್ತೆ, ಅಂಚು ಸ್ವಲ್ಪ ಉಬ್ಬುತ್ತೆ ಅಷ್ಟೇ. ಉಬ್ಬೋದು ದಾಟಿ ಹೊರಗೆ ಬಂದಿದ್ರೂ ಎಷ್ಟೋ ಜನಕ್ಕೆ ಕೆಲವು ತಿಂಗಳಲ್ಲಿ ಅದು ತಾನಾಗೇ ಕುಗ್ಗುತ್ತೆ, ದೇಹವೇ ಅದನ್ನ ಕರಗಿಸ್ಕೊಳ್ಳುತ್ತೆ.

ಸರಿ, ಬಲ್ಜ್ ಅಲ್ಲ ಅಂದ್ರೆ ನೋವು ಎಂತಕ್ಕೆ? ಈಗ ಹಾಲು ಕರೆಯೋ ವಿಷಯಕ್ಕೆ ಬರ್ತೀನಿ.

ರಾತ್ರಿ ಮಲಗಿದಾಗ ಡಿಸ್ಕ್ ಮೇಲೆ ಭಾರ ತೀರಾ ಕಮ್ಮಿ, ಅದು ನೀರು ಹೀರ್ಕೊಂಡು ನೆನೆಸಿಟ್ಟ ಕಡಲೆ ಥರ ಊದುತ್ತೆ. ಬೆಳಿಗ್ಗೆ ಎದ್ದಾಗ ನಾವೆಲ್ಲ ಸಂಜೆಗಿಂತ ಒಂದೂವರೆ ಸೆಂಟಿಮೀಟರ್ ಆಸುಪಾಸು ಎತ್ತರ ಇರ್ತೀವಿ, ಅಳತೆ ಮಾಡಿ ನೋಡಿದ್ರೆ ಗೊತ್ತಾಗುತ್ತೆ. ಆ ಊದಿದ ನೀರು ಇಳಿಯೋದ್ರಲ್ಲಿ ಹೆಚ್ಚುಕಮ್ಮಿ ಅರ್ಧ, ಎದ್ದು ಓಡಾಡೋಕೆ ಶುರು ಮಾಡಿದ ಮೊದಲ ಒಂದು ಗಂಟೆಯಲ್ಲೇ ಇಳಿದ್ಬಿಡುತ್ತೆ. ಆದ್ರೆ ಆ ಒಂದು ಗಂಟೆ ಡಿಸ್ಕ್ ಬಿಗಿದ ಬಲೂನು. ಆಗ ಪೂರ್ತಿ ಬಗ್ಗಿದ್ರೆ ಅದರ ಹಿಂದಿನ ಅಂಚಿಗೆ ಬೀಳೋ ಒತ್ತಡ ಮಧ್ಯಾಹ್ನ ಬಗ್ಗಿದಾಗಿನದಕ್ಕಿಂತ ಬಹಳ ಜಾಸ್ತಿ. ನಮ್ಮ ಮಲೆನಾಡಿನ ಹೆಂಗಸರು ಆ ಒಂದು ಗಂಟೆಯಲ್ಲಿ ಎಂತ ಮಾಡ್ತಾರೆ? ಐದೂವರೆಗೆ ಎದ್ದು ಬಚ್ಚಲೊಲೆಗೆ ಬಗ್ಗಿ ಬೆಂಕಿ ಹಾಕ್ತಾರೆ, ಬಗ್ಗಿ ಅಂಗಳ ಗುಡಿಸ್ತಾರೆ, ಕೊಟ್ಟಿಗೇಲಿ ಬಗ್ಗಿ ಸಗಣಿ ಬಾಚ್ತಾರೆ, ಕುಕ್ಕರಗಾಲಲ್ಲಿ ಕೂತು ಹಾಲು ಕರೀತಾರೆ. ದಿನದ ಬಗ್ಗೋ ಕೆಲಸ ಅಷ್ಟೂ ಆ ಹೊತ್ತಲ್ಲೇ!

1998ರಲ್ಲಿ ಅಮೆರಿಕಾದಲ್ಲಿ ಒಂದು ಸಂಶೋಧನೆ ಆಯ್ತು. ತುಂಬಾ ದಿನದಿಂದ ಸೊಂಟ ನೋವಿದ್ದವರಿಗೆ ಅವರು ಹೇಳಿಕೊಟ್ಟ ಮುಖ್ಯ ಪಾಠ ಇಷ್ಟೇ, ಬೆಳಿಗ್ಗೆ ಬೇಗ ಬೆನ್ನು ಬಗ್ಗಿಸೋದನ್ನ ಆದಷ್ಟು ತಪ್ಪಿಸಿ. ಅಷ್ಟಕ್ಕೇ ನೋವಿನ ದಿನಗಳು ಕಮ್ಮಿ ಆದ್ವು. ದುಡ್ಡು ಖರ್ಚಿಲ್ಲ, ಮಾತ್ರೆ ಇಲ್ಲ. ನಾನು ಇದನ್ನ ಎಷ್ಟೋ ಜನಕ್ಕೆ ಹೇಳಿದೀನಿ, ನಗ್ತಾರೆ, ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೂರದಿಂದ ಬಸ್ಸಲ್ಲಿ ಬಂದ್ವಾ ಅಂತ. ಮಾಡಿ ನೋಡಿದೋರು ಎರಡನೇ ಸಲ ಬಂದಾಗ ನಗಲ್ಲ.

ಹಂಗಾಗಿ ನಿಮಗೆ ನಾನು ಕೊಡೋ ಮೊದಲ ಔಷಧಿ ಇದು: ಎದ್ದ ಮೇಲೆ ನಿಂತು ಮಾಡೋ ಕೆಲಸ ಮೊದ್ಲು, ಬಗ್ಗೋದು ಆಮೇಲೆ. ಕಾಫಿ ಮಾಡಿ, ಕುಡೀರಿ, ಹೂವು ಕೊಯ್ಯಿರಿ, ತೋಟದ ತನಕ ಒಂದು ಸುತ್ತು ಹೋಗಿ ಬನ್ನಿ, ತಿಂಡಿಗೆ ಕಾಯಿ ತುರಿಯೋದಿದ್ರೆ ನೆಲದ ಮೇಲೆ ಬೇಡ, ಕಟ್ಟೆ ಮೇಲೆ ನಿಂತು ಮಾಡಿ. ಅಂಗಳ ಗುಡಿಸೋದನ್ನ ಉದ್ದ ಹಿಡಿ ಕಟ್ಟಿದ ಪೊರಕೆಗೆ ಬದಲಾಯಿಸಿ, ಇಲ್ಲಾಂದ್ರೆ ಎಂಟು ಗಂಟೆಗೆ ಗುಡಿಸಿ, ಯಾರೂ ಬಂದು ಕೇಳಲ್ಲ. ಬೆಂಕಿ ಹಾಕೋದು ಮನೆಯವರಿಗೆ ಬಿಡಿ, ಬೆಲ್ಟ್ ತಂದಿದ್ದಾರಲ್ಲ, ಪ್ರೀತಿ ಇದೆ ಅಂತಾಯ್ತು, ಬೆಂಕಿನೂ ಹಾಕ್ತಾರೆ. ಹಸು ಟೈಮಿಗೆ ಸರಿಯಾಗಿ ಕೂಗುತ್ತೆ ನಿಜ, ಅದಕ್ಕೆ ಬೆಳಿಗ್ಗೆ ಕರೆಯೋದನ್ನೂ ಸಂಜೆ ಕರೆಯೋದನ್ನೂ ದಿನಕ್ಕೆ ಹತ್ತು ನಿಮಿಷದ ಹಂಗೆ ತಡ ಮಾಡ್ತಾ ಹೋಗಿ, ವಾರದಲ್ಲಿ ಹೊಂದ್ಕೊಳ್ಳುತ್ತೆ. ಡೈರಿಗೆ ಹಾಲು ಕೊಡೋ ಟೈಮು ಕಟ್ಟುನಿಟ್ಟು ಅಂದ್ರೆ ನೀವೇ ಅರ್ಧ ಗಂಟೆ ಮುಂಚೆ ಎದ್ದು ಓಡಾಡಿ, ಬೇರೆ ದಾರಿ ಇಲ್ಲ. ಕರೆಯೋವಾಗ ಕುಕ್ಕರಗಾಲು ಬಿಟ್ಟು ಒಂದಡಿ ಎತ್ತರದ ಸ್ಟೂಲ್ ಹಾಕಿ, ಹಸು ಪಕ್ಕಕ್ಕೆ ಆದಷ್ಟು ಹತ್ತಿರ ಕೂರಿ, ಬೆನ್ನು ಬಾಗದೆ ಸೊಂಟದ ಕೀಲಿಂದ ಮುಂದಕ್ಕೆ ವಾಲೋ ಹಂಗೆ.

ಎರಡನೇದು ರಾತ್ರಿದು, ಸುಲಿಯೋದು. ಮೆಟ್ಟುಗತ್ತಿ ಮುಂದೆ ಕೂರೋ ಭಂಗಿ ನೆನಪು ಮಾಡ್ಕೊಳ್ಳಿ. ಕೂರೋದು ತಗ್ಗಲ್ಲಿ, ಮೊಣಕಾಲು ಸೊಂಟಕ್ಕಿಂತ ಮೇಲೆ, ಬೆನ್ನು ಬಿಲ್ಲು, ತಲೆ ಕತ್ತಿ ಮೇಲೆ, ಜತೆಗೆ ಪ್ರತಿ ಕಾಯಿಗೂ ಕೈ ಒತ್ತೋ ಶಕ್ತಿ. ಹಿಂಗೆ ನಾಲ್ಕೈದು ಗಂಟೆ, ಟಿವಿ ಸೀರಿಯಲ್ ಹಾಕ್ಕೊಂಡು, ಏಳೋದು ನೆನಪಿರಲ್ಲ. ಸ್ವೀಡನ್ನಿನಲ್ಲಿ ಆಲ್ಫ್ ನಾಕೆಮ್ಸನ್ ಅಂತ ಒಬ್ರು ಮೂಳೆ ಡಾಕ್ಟರ್ ಇದ್ರು, 1960ರ ದಶಕದಲ್ಲಿ ಬದುಕಿರೋ ಮನುಷ್ಯರ ಡಿಸ್ಕ್ ಒಳಗೇ ಸೂಜಿ ಹಾಕಿ ಒತ್ತಡ ಅಳೆದವರು. ನಿಂತಾಗ ನೂರು ಅಂತ ಇಟ್ಕೊಂಡ್ರೆ ಮಲಗಿದಾಗ 25, ಕೂತು ಮುಂದಕ್ಕೆ ಬಗ್ಗಿದಾಗ 185 ಅನ್ನೋದು ಅವರ ಲೆಕ್ಕ. 1999ರಲ್ಲಿ ಜರ್ಮನಿಯಲ್ಲಿ ಮತ್ತೆ ಅಳೆದಾಗ ಸುಮ್ನೆ ಆರಾಮಾಗಿ ಕೂರೋದು ಅಷ್ಟೇನೂ ಕೆಟ್ಟದ್ದಲ್ಲ ಅಂತ ಬಂತು, ಆದ್ರೆ ಪೂರ್ತಿ ಬಗ್ಗಿ ಕೂರೋದು ನಿಂತಿದ್ದಕ್ಕಿಂತ ಜಾಸ್ತಿ ಅನ್ನೋದು ಅಲ್ಲೂ ಹಂಗೇ ಉಳೀತು. ಕೂರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅರ್ಧ ಗಂಟೆ ಕೂತ್ರೆ ಬೆನ್ನಿಗೆ ಏನೂ ಆಗಲ್ಲ, ಅದೇ ಭಂಗೀಲಿ ಅಲ್ಲಾಡದೆ ನಾಲ್ಕು ಗಂಟೆ ಕೂತ್ರೆ ಬೆನ್ನಿನ ಹಿಂದಿರೋ ಪಟ್ಟಿಗಳು ಹಳೇ ಎಲಾಸ್ಟಿಕ್ ಥರ ಸಡಿಲ ಬೀಳ್ತವೆ. ಆಮೇಲೆ ನೀವು ಥಟ್ಟಂತ ಎದ್ದು ಸುಲಿದ ಅಡಿಕೆ ಬುಟ್ಟಿ ಎತ್ತಿ ಹಂಡೆ ಹತ್ರ ಹೋಗ್ತೀರಲ್ಲ, ಬೇಯ್ಸೋಕೆ, ಸೊಂಟ ಹಿಡ್ಕೊಳ್ಳೋದು ಆ ಗಳಿಗೇಲಿ. ಬುಟ್ಟಿ ಭಾರ ಅಲ್ಲ ಕಾರಣ, ಬುಟ್ಟಿಗಿಂತ ಮುಂಚಿನ ನಾಲ್ಕು ಗಂಟೆ.

ಹಂಗಾಗಿ ಸುಲಿಯೋದು ಬಿಡ್ಬೇಡಿ, ಮುರಿದು ಮುರಿದು ಮಾಡಿ. ಮೊಬೈಲಲ್ಲಿ ಇಪ್ಪತ್ತೈದು ನಿಮಿಷಕ್ಕೊಂದು ಅಲಾರಂ ಇಟ್ಕೊಳ್ಳಿ, ಬಡ್ಕೊಂಡಾಗ ಎದ್ದು ನಿಂತು ಎರಡೂ ಕೈ ಸೊಂಟದ ಹಿಂದೆ ಇಟ್ಟು ಐದಾರು ಸಲ ಹಿಂದಕ್ಕೆ ಬಾಗಿ, ಕೊಳವೆ ಬಾವಿ ತನಕನೋ ಹಿತ್ತಲ ತನಕನೋ ಹೋಗಿ ಬನ್ನಿ, ಮತ್ತೆ ಕೂರಿ. ಎದ್ದ ಮೇಲೆ ಎರಡು ನಿಮಿಷ ಆಗೋ ತನಕ ಏನೂ ಎತ್ಬೇಡಿ. ಮೆಟ್ಟುಗತ್ತಿನ ಗಟ್ಟಿಯಾದ ಬೆಂಚಿಗೆ ಬೋಲ್ಟ್ ಹಾಕಿಸ್ಕೊಂಡು ಎತ್ತರದಲ್ಲಿ ಕೂತು ಸುಲಿಯೋ ಮನೆಗಳನ್ನ ನೋಡಿದೀನಿ, ಕತ್ತಿ ಅಲ್ಲಾಡಬಾರದು ಅಷ್ಟೇ, ಬಡಗಿ ಹತ್ರ ಅರ್ಧ ದಿನದ ಕೆಲಸ. ಅದಾಗ್ಲಿಲ್ಲ ಅಂದ್ರೆ ಕೂರೋ ಮಣೆ ಕೆಳಗೆ ಗೋಣಿಚೀಲ ಮಡಚಿ ಹಾಕಿ ನಾಲ್ಕು ಬೆರಳು ಎತ್ತರ ಮಾಡ್ಕೊಂಡ್ರೂ ವ್ಯತ್ಯಾಸ ಗೊತ್ತಾಗುತ್ತೆ. ಕೂಲಿಗೋ ಮುಯ್ಯಾಳಿಗೋ ಜನ ಸಿಕ್ಕಿದ್ರೆ, ಸುಲಿಯೋ ಮಷಿನ್ ಬಾಡಿಗೆಗೆ ಸಿಕ್ಕಿದ್ರೆ ಈ ಒಂದು ವರ್ಷ ಅರ್ಧ ಬೆಳೆ ಅಲ್ಲಿಗೆ ಹಾಕಿ. ಮಷಿನಲ್ಲಿ ಅಡಿಕೆ ಒಡೆಯುತ್ತೆ, ರೇಟ್ ಹೋಗುತ್ತೆ ಅಂತೀರಿ, ಗೊತ್ತು, ನಮ್ಮನೇಲೂ ಅದೇ ಜಗಳ.

ಎತ್ತೋ ವಿಷಯ ಬೇಗ ಹೇಳಿ ಮುಗಿಸ್ತೀನಿ. ವಸ್ತು ಮೈಗೆ ಹತ್ತಿರ ಇರ್ಬೇಕು, ಇದೊಂದೇ ನಿಯಮ ಸಾಕು. ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ, ಅಡಿಕೆ ಮೂಟೆ ಯಾವುದೇ ಇರ್ಲಿ, ಕೈ ಚಾಚಿ ಎತ್ತಿದ್ರೆ ಹತ್ತು ಕೆಜಿಯೂ ಬೆನ್ನಿಗೆ ಹಲವು ಪಟ್ಟು. ತಿರುಗೋದಿದ್ರೆ ಪಾದ ಎತ್ತಿಟ್ಟು ತಿರುಗಿ, ಸೊಂಟ ತಿರುಚಿ ಅಲ್ಲ. ಒಂದು ಐವತ್ತು ಕೆಜಿ ಚೀಲಕ್ಕಿಂತ ಎರಡು ಇಪ್ಪತ್ತೈದರ ಚೀಲ ವಾಸಿ. ಕೊಡ ಒಂದೇ ಪಕ್ಕಕ್ಕೆ ಹೊರೋರು ಪಕ್ಕ ಬದಲಾಯಿಸ್ತಾ ಇರಿ.

ಬೆಡ್ ರೆಸ್ಟ್ ಬಗ್ಗೆ ನಂಗೆ ಸ್ವಲ್ಪ ನಾಚಿಕೆ ಇದೆ, ಹೇಳ್ಬಿಡ್ತೀನಿ. ಕೆಲಸ ಶುರು ಮಾಡಿದ ಮೊದಲ ಎರಡು ಮೂರು ವರ್ಷ ನಾನೂ ಜನಕ್ಕೆ ಮೂರು ವಾರ ಮಲಗಿ ಅಂತ ಹೇಳ್ತಿದ್ದೆ, ದೊಡ್ಡೋರು ಹೇಳ್ತಿದ್ರು ನಾನೂ ಹೇಳ್ದೆ. ಆಮೇಲೆ ನನ್ನದೇ ಸೊಂಟ ಹಿಡ್ಕೊಂಡಿತು, ಗ್ಯಾಸ್ ಸಿಲಿಂಡರ್ ಜರುಗಿಸೋವಾಗ, ಉಸಿರಾಡೋಕೂ ಆಗ್ಲಿಲ್ಲ ಒಂದು ಗಳಿಗೆ. ನಾಲ್ಕು ದಿನ ಮಲಗಿದೆ. ಮೊದಲ ದಿನ ಹಿತ, ಎರಡನೇ ದಿನ ಪರವಾಗಿಲ್ಲ, ನಾಲ್ಕನೇ ದಿನ ಮಗ್ಗುಲು ಬದಲಾಯಿಸೋಕೂ ಭಯ ಬಂದಿತ್ತು. ಆ ರೆಸ್ಟ್ ಸಲಹೆ ತಪ್ಪು ಅಂತ ಗೊತ್ತಾಗಿ ಆಗ್ಲೇ ಎಷ್ಟೋ ವರ್ಷ ಆಗಿತ್ತು. 1986ರಲ್ಲೇ ಅಮೆರಿಕಾದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನ ಎರಡು ಗುಂಪು ಮಾಡಿ ನೋಡಿದ್ರು, ಎರಡೇ ದಿನ ರೆಸ್ಟ್ ಅಂತ ಹೇಳಿಸ್ಕೊಂಡವರು ಏಳು ದಿನದವರಿಗಿಂತ ಶೇ. 45ರಷ್ಟು ಕಮ್ಮಿ ದಿನ ಕೆಲಸ ತಪ್ಪಿಸ್ಕೊಂಡ್ರು. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಇನ್ನೂ ಮುಂದೆ ಹೋಗಿ ನೋಡಿದಾಗ, ಹೊಸದಾಗಿ ಸೊಂಟ ಹಿಡ್ಕೊಂಡವರಲ್ಲಿ ಮಲಗಿದವರಿಗಿಂತ, ವ್ಯಾಯಾಮ ಮಾಡಿದವರಿಗಿಂತ, ನೋವು ತಡೆಯೋ ಮಟ್ಟಕ್ಕೆ ದಿನದ ಕೆಲಸ ಮಾಡ್ಕೊಂಡೇ ಇದ್ದವರು ಬೇಗ ಸುಧಾರಿಸಿದ್ರು. ನಿಮ್ಮದು ಎರಡು ತಿಂಗಳ ನೋವು, ಒಂದು ತಿಂಗಳು ಮಲಗೋ ಪ್ರಶ್ನೆನೇ ಇಲ್ಲ. ತೀರಾ ಹಿಡ್ಕೊಂಡ ದಿನ ಮಧ್ಯೆ ಮಧ್ಯೆ ಹತ್ತಿಪ್ಪತ್ತು ನಿಮಿಷ, ಅಂಗಾತ ಮಲಗಿ ಮಂಡಿ ಕೆಳಗೆ ಎರಡು ದಿಂಬು ಇಟ್ಕೊಂಡು ಕಾಲು ಹಗುರ ಮಾಡ್ಕೊಳ್ಳಿ, ಅಷ್ಟು ಸಾಕು.

ನೆಲದ ಮೇಲೆ ಮಲಗೋದು ಅತ್ತೆ ಕಾಲದ ವೇದವಾಕ್ಯ, ಅತ್ತೆನ ನೋಯಿಸ್ಬೇಡಿ, ಆದ್ರೆ ಮಲಗ್ಲೂ ಬೇಡಿ. ಮಳೆ ನಿಂತ ಮೇಲೂ ನಮ್ಮ ಕಡೆ ರೆಡ್ ಆಕ್ಸೈಡ್ ನೆಲ ರಾತ್ರಿ ಮಂಜುಗಡ್ಡೆ ಥರ ಇರುತ್ತೆ, ಚಳಿಗೆ ಮೈ ಸೆಟೆದುಕೊಳ್ಳುತ್ತೆ. ಅದೂ ಅಲ್ದೆ ನೆಲದಿಂದ ಏಳೋದೇ ದಿನದ ಮೊದಲ ಬಗ್ಗೋ ಕೆಲಸ. ಸ್ಪೇನ್‌ನಲ್ಲಿ 313 ಜನರ ಮೇಲೆ ಹಾಸಿಗೆ ಬಗ್ಗೆ ಪರೀಕ್ಷೆ ಮಾಡಿದ್ರು, 2003ರಲ್ಲಿ ಬಂತು, ತುಂಬಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿದೇ ವಾಸಿ ಅಂತ ಆಯ್ತು. ಮಂಚದ ಮೇಲೆ ಗುಂಡಿ ಬೀಳದ ಹತ್ತಿ ಹಾಸಿಗೆ ಇದ್ರೆ ಆಯ್ತು, ಹೊಸದಕ್ಕೆ ಮೂವತ್ತು ಸಾವಿರ ಸುರೀಬೇಡಿ. ಮಗ್ಗುಲಾಗಿ ಮಲಗೋರು ಮಂಡಿ ಮಧ್ಯೆ ದಿಂಬು. ಏಳೋವಾಗ ನೇರ ಏಳ್ಬೇಡಿ, ಮಗ್ಗುಲಾಗಿ ಕಾಲು ಕೆಳಗಿಟ್ಟು ಕೈ ಊರಿ ಏಳಿ.

ಬೆಲ್ಟ್ ವಿಷಯಕ್ಕೆ, 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುಂಬಾ ದಿನದ ಸೊಂಟ ನೋವಿಗೆ ಒಂದು ಮಾರ್ಗಸೂಚಿ ಕೊಟ್ಟಿತು, ಬೆಲ್ಟ್ ಬೇಡ, ಟ್ರಾಕ್ಷನ್ (ಸೊಂಟ ಎಳೆದು ಹಿಡಿಯೋ ಚಿಕಿತ್ಸೆ) ಬೇಡ ಅಂತ ಅದ್ರಲ್ಲಿದೆ, ಕರೆಂಟ್ ಶಾಕ್ ಥರ ಕೊಡೋ ಮಷಿನ್ನೂ ಅಲ್ಟ್ರಾಸೌಂಡ್ ಚಿಕಿತ್ಸೆನೂ ಬೇಡದ ಪಟ್ಟೀಲೇ ಇವೆ. ಆ ಎರಡೂ ಮಷಿನ್ ನನ್ನ ಕ್ಲಿನಿಕ್ಕಲ್ಲಿ ಇವೆ, ಒಂದಕ್ಕೆ ಇನ್ನೂ ಸಾಲದ ಕಂತು ಕಟ್ತಿದ್ದೆ ಆಗ. ಪೇಷಂಟ್‌ಗಳಿಗೆ ಅದು ಹಾಕ್ದಿದ್ರೆ ಟ್ರೀಟ್‌ಮೆಂಟೇ ಕೊಟ್ಟಿಲ್ಲ ಅನ್ಸುತ್ತೆ, ಆ ಕಷ್ಟ ಬೇರೆ. ನಿಮ್ಮ ಬೆಲ್ಟ್‌ನ ಘಾಟಿ ರಸ್ತೇಲಿ ಬಸ್ಸಲ್ಲಿ ಹೋಗೋ ದಿನ ಕಟ್ಕೊಳ್ಳಿ, ಕೊನೇ ಸೀಟಲ್ಲಿ ಮಾತ್ರ ಕೂರ್ಬೇಡಿ, ಉಳಿದ ದಿನ ಬೀರಲ್ಲಿರ್ಲಿ.

ವ್ಯಾಯಾಮ ಅಂದ್ರೆ ಎಲ್ಲಾ ಮನೆ ಹೆಂಗಸರೂ ಹೇಳೋ ಮಾತು, ದಿನವಿಡೀ ಕೆಲಸ ಮಾಡ್ತೀವಲ್ಲ ಅದೇ ವ್ಯಾಯಾಮ ಅಂತ. ಕೆಲಸ ಬೆನ್ನನ್ನ ಒಂದೇ ದಿಕ್ಕಿಗೆ, ಮುಂದಕ್ಕೇ ಬಗ್ಗಿಸುತ್ತೆ. ನಾನು ಹೇಳೋದು ಉಳಿದ ದಿಕ್ಕುಗಳನ್ನ. ಮೊದಲನೇದು ನಡಿಗೆ, ತೋಟದಲ್ಲಿ ತಿರುಗೋದಲ್ಲ, ಕೈ ಬೀಸ್ಕೊಂಡು ರಸ್ತೇಲಿ ನಡೆಯೋದು. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಬಂತು, ಒಂದು ಸಲ ಸೊಂಟ ನೋವು ವಾಸಿಯಾದೋರಿಗೆ ನಿಧಾನವಾಗಿ ನಡಿಗೆ ಹೆಚ್ಚಿಸ್ಕೊಂಡು ವಾರಕ್ಕೆ ಐದು ದಿನ ಅರ್ಧ ಗಂಟೆಗೆ ತರೋ ಹಂಗೆ ಹೇಳಿಕೊಟ್ರು. ನಡೆದವರಿಗೆ ನೋವು ಮರುಕಳಿಸೋಕೆ ಸುಮಾರು 208 ದಿನ ಹಿಡೀತು, ಸುಮ್ನಿದ್ದವರಿಗೆ 112. ನೀವು ದಿನಾ ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಎರಡು ಮೂರು ನಿಮಿಷ ಸೇರಿಸಿ. ಊರಲ್ಲಿ ಸುಮ್ನೆ ನಡೆದ್ರೆ ‘ಎಲ್ಲಿಗೆ ಹೊರಟಿದ್ದು’ ಅಂತ ಕೇಳ್ತಾರೆ, ಡೈರಿಗೆ ಹಾಲು ನೀವೇ ತಗೊಂಡು ಹೋಗಿ, ಕ್ಯಾನ್ ಮಾತ್ರ ಎರಡು ಕೈಗೆ ಹಂಚಿ.

ಎರಡನೇದು, ಹೊಟ್ಟೆ ಅಡಿ ಮಾಡಿ ಮಲಗಿ ಎರಡು ನಿಮಿಷ ಹಂಗೇ ಇದ್ದು, ಆಮೇಲೆ ಮೊಣಕೈ ಊರಿ ಎದೆ ಎತ್ತಿ, ಸೊಂಟ ನೆಲಕ್ಕೇ ಬಿಟ್ಟಿರ್ಬೇಕು. ಹಿತ ಅನ್ಸಿದ್ರೆ ಅಂಗೈ ಊರಿ ಇನ್ನೂ ಸ್ವಲ್ಪ, ಭುಜಂಗಾಸನದ ಹಂಗೆ, ಎಂಟ್ಹತ್ತು ಸಲ. ಇಲ್ಲಿ ಒಂದು ಗುಟ್ಟು ಇದೆ, ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಅನ್ನೋ ಫಿಸಿಯೋಥೆರಪಿಸ್ಟ್ 1956ರಲ್ಲಿ ಅಕಸ್ಮಾತ್ ಕಂಡುಕೊಂಡಿದ್ದು. ಕಾಲು ನೋವಿನ ಪೇಷಂಟ್ ಒಬ್ಬ, ತಲೆ ಕಡೆ ಎತ್ತರಿಸಿಟ್ಟಿದ್ದ ಟೇಬಲ್ ಮೇಲೆ ತಪ್ಪಿ ಬೋರಲು ಮಲಗ್ಬಿಟ್ಟ, ಬೆನ್ನು ಹಿಂದಕ್ಕೆ ಬಾಗಿ ಹೋಗಿತ್ತು, ಇವರು ಬಂದು ನೋಡಿದ್ರೆ ಅವನ ಕಾಲು ನೋವೇ ಇಲ್ಲ ಅಂದ. ಹಂಗಾಗಿ ಲೆಕ್ಕ ಹಿಂಗಿದೆ: ಮಾಡ್ತಾ ಮಾಡ್ತಾ ನೋವು ಕುಂಡೆಯಿಂದ ಮೇಲಕ್ಕೆ, ಬೆನ್ನಿನ ಮಧ್ಯಕ್ಕೆ ಸರಿದ್ರೆ ಒಳ್ಳೇದಾಗ್ತಿದೆ ಅಂತ, ಮಧ್ಯದಲ್ಲಿ ಸ್ವಲ್ಪ ಜಾಸ್ತಿ ನೋವಾದ್ರೂ ಪರವಾಗಿಲ್ಲ. ಕೆಳಗೆ ಕಾಲಿಗೆ ಇಳಿದ್ರೆ ಅದನ್ನ ಬಿಟ್ಬಿಡಿ, ನಿಮಗೆ ಹೊಂದಲ್ಲ.

ಮೂರನೇದು, ಅಂಗಾತ ಮಲಗಿ ಮಂಡಿ ಮಡಚಿ ಕುಂಡೆ ಮೇಲೆತ್ತಿ ಐದು ಎಣಿಸೋದು, ಹತ್ತು ಸಲ. ನಾಲ್ಕನೇದು, ಮಗು ಅಂಬೆಗಾಲಿಡೋ ಹಂಗೆ ನಿಂತು ಬಲಗೈ ಮುಂದಕ್ಕೆ ಎಡಗಾಲು ಹಿಂದಕ್ಕೆ ಚಾಚಿ, ಹತ್ತು ಎಣಿಸಿ, ಬದಲಾಯಿಸಿ. ಬೆನ್ನ ಮೇಲೆ ಹಾಲಿನ ಲೋಟ ಇಟ್ರೆ ಚೆಲ್ಲಬಾರದು ಅಂತ ನೆನಪಿಟ್ಕೊಳ್ಳಿ. ಇದೆಲ್ಲ ಬೆಳಿಗ್ಗೆ ಎದ್ದ ಕೂಡ್ಲೇ ಬೇಡ, ಹನ್ನೊಂದು ಗಂಟೆಗೋ ಸಂಜೆಗೋ. ಸಾಮಾಜಿಕ ಜಾಲತಾಣದಲ್ಲಿ ತೋರಿಸೋ ಹಂಗೆ ಮಂಡಿ ಎದೆಗೆ ಎಳ್ಕೊಳ್ಳೋದು, ಕಾಲು ಬೆರಳು ಮುಟ್ಟೋದು ನಿಮಗೆ ಈಗ ಬೇಡ, ದಿನಕ್ಕೆ ಸಾವಿರ ಸಲ ಬಗ್ಗೋರಿಗೆ ಇನ್ನೂ ಬಗ್ಗಿಸೋದು ಎಂತಕ್ಕೆ.

ಶಾಖ ಕೊಡಿ, ಧಾರಾಳವಾಗಿ. ನಮ್ಮ ಬಚ್ಚಲ ಹಂಡೆ ಇದ್ಯಲ್ಲ, ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು ಸೊಂಟಕ್ಕೆ ಹತ್ತು ನಿಮಿಷ ಹುಯ್ಕೊಂಡ್ರೆ ಬಿಗಿದ ಮಾಂಸಖಂಡ ಸಡಿಲ ಆಗುತ್ತೆ, ಡಿಸ್ಕ್ ವಾಸಿ ಮಾಡುತ್ತೆ ಅಂತ ಅಲ್ಲ, ಆ ಹಿತದಲ್ಲಿ ನೀವು ಓಡಾಡ್ತೀರಲ್ಲ ಅದೇ ಲಾಭ. ಎಣ್ಣೆ ಹಚ್ಚಿ ನೀವ್ಕೊಳ್ಳೋದೂ ಅಷ್ಟೇ. ಆದ್ರೆ ಕಾಲು ಮುಂದಾಗಿ ಹುಟ್ಟಿದವರ ಹತ್ರ ಸೊಂಟ ಒದೆಸ್ಕೊಳ್ಳೋದು ಇದ್ಯಲ್ಲ ಉಳುಕಿಗೆ, ಮೆತ್ತಗೆ ಕಾಲು ತಾಗಿಸಿ ಬಿಟ್ರೆ ನನ್ನ ತಕರಾರಿಲ್ಲ, ಜೋರಾಗಿ ತುಳಿಸ್ಕೊಂಡು ಬಂದು ಪಕ್ಕೆಲುಬು ನೋವು ಅಂತ ಕೂತೋರನ್ನ ನೋಡಿದೀನಿ.

ಮಾತ್ರೆ ವಿಷಯದಲ್ಲಿ ಹುಷಾರು. ಬರೀ ಪ್ಯಾರಾಸಿಟಮಾಲ್ ಹೊಸ ಸೊಂಟ ನೋವಿಗೆ ಸಕ್ಕರೆ ಮಾತ್ರೆಗಿಂತ ಹೆಚ್ಚೇನೂ ಮಾಡಲ್ಲ ಅಂತ 2014ರಲ್ಲಿ ಗೊತ್ತಾಯ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು ಸ್ವಲ್ಪ ಕೆಲಸ ಮಾಡುತ್ತೆ, ಡಾಕ್ಟರ್ ಹೇಳಿದ ಹಂಗೆ ಊಟ ಆದ ಮೇಲೆ ಐದಾರು ದಿನ ಸರಿ, ತಿಂಗಳುಗಟ್ಟಲೆ ಮೆಡಿಕಲ್ ಶಾಪಿಂದ ತಂದು ನುಂಗಿದ್ರೆ ಹೊಟ್ಟೆ ಹುಣ್ಣು, ಬಿಪಿ, ಕಿಡ್ನಿ. ಕೀಲು ನೋವಿಗೆ ಅಂತ ಹೆಸರಿಲ್ಲದ ಪೊಟ್ಟಣದಲ್ಲಿ ಕೊಡೋ ಪುಡಿ ಅಂತೂ ಮುಟ್ಲೇಬೇಡಿ, ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರೋದು ಎಷ್ಟೋ ಸಲ ಸಿಕ್ಕಿಬಿದ್ದಿದೆ, ಎರಡು ದಿನದಲ್ಲಿ ನೋವು ಮಾಯ ಆದ್ರೆ ಅಲ್ಲೇ ಅನುಮಾನ ಬರ್ಬೇಕು. ಇನ್ನೊಂದು ನಮ್ಮ ಜಿಲ್ಲೆಯವರಿಗೆ ಮಾತ್ರ ಹೇಳೋ ಮಾತು. ಮಂಗನ ಕಾಯಿಲೆ ಮೊದ್ಲು ಸಿಕ್ಕಿದ್ದೇ 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ಕೊಯ್ಲು ಮುಗಿಯೋ ಹೊತ್ತಿಂದ ಬೇಸಿಗೆ ಮುಗಿಯೋ ತನಕದ ದಿನಗಳಲ್ಲಿ, ಕಾಡಿಗೆ ತರಗೆಲೆಗೋ ಸೌದೆಗೋ ಹೋಗಿ ಬಂದೋರಿಗೆ ಇದ್ದಕ್ಕಿದ್ದಂಗೆ ಜೋರು ಜ್ವರ, ತಲೆನೋವು, ಸೊಂಟ ಮುರಿದು ಹಾಕಿದ ಹಂಗೆ ಮೈಕೈ ನೋವು ಬಂದ್ರೆ ಅದು ಸೊಂಟದ ಕಾಯಿಲೆ ಅಲ್ಲ. ಮಳೆಗಾಲದಲ್ಲಿ ಗದ್ದೆಗೆ ಇಳಿದೋರಿಗೆ ಇಲಿಜ್ವರವೂ ಹಿಂಗೇ ಶುರುವಾಗೋದು. ಜ್ವರ ಇದ್ದಾಗ ಮೇಲೆ ಹೇಳಿದ ನೋವಿನ ಮಾತ್ರೆ ನೀವೇ ತಗೋಬೇಡಿ, ರಕ್ತಸ್ರಾವ ಆಗೋ ಕಾಯಿಲೆಗಳಲ್ಲಿ ಅದು ಇನ್ನೂ ಕೆಡಿಸುತ್ತೆ, ಸೀದಾ ಆಸ್ಪತ್ರೆಗೆ ಹೋಗಿ ರಕ್ತ ಕೊಡಿ.

ಸಿಸೇರಿಯನ್ ಸೂಜಿ. ಇದನ್ನ ಕೇಳದ ಹೆಂಗಸರೇ ಇಲ್ಲ. ಸೂಜಿ ಹಾಕಿದ ಜಾಗ ನಾಲ್ಕು ದಿನ, ಹೆಚ್ಚಂದ್ರೆ ಕೆಲವು ವಾರ ನೋಯ್ಬೋದು. ಹೆರಿಗೆಗೆ ಬೆನ್ನಿನ ಸೂಜಿ ತಗೊಂಡೋರನ್ನೂ ತಗೊಳ್ದೇ ಇದ್ದೋರನ್ನೂ ಹೋಲಿಸಿ ನೋಡಿದ್ದಾರೆ, ತುಂಬಾ ದಿನ ಉಳಿಯೋ ಸೊಂಟ ನೋವು ಇಬ್ರಲ್ಲೂ ಹೆಚ್ಚುಕಮ್ಮಿ ಒಂದೇ. ಬಸುರಿಯಾಗಿದ್ದಾಗ ಹೊಟ್ಟೆ ಮಾಂಸಖಂಡ ಹಿಗ್ಗುತ್ತೆ, ಬಾಣಂತನದಲ್ಲಿ ಯಾರೂ ಅದನ್ನ ಮತ್ತೆ ಗಟ್ಟಿ ಮಾಡ್ಸಲ್ಲ, ಮಗು ಎತ್ಕೊಂಡು ಕೂಸು ಮರಿ ಅಂತ ವರ್ಷಗಟ್ಟಲೆ ಸೊಂಟ ಒಂದೇ ಕಡೆ ವಾಲುತ್ತೆ, ಕಾರಣ ಅಲ್ಲಿ ಹುಡುಕಿ. ಅಕ್ಕನಿಗೆ ಇದನ್ನ ಓದಿ ಹೇಳಿ.

ಆಪರೇಷನ್ ನಿಮ್ಮ ಈಗಿನ ಸ್ಥಿತಿಗೆ ಬೇಡ. ಅದು ಸೊಂಟ ನೋವಿಗೆ ಇರೋದಲ್ಲ, ಕಾಲಿಗೆ ಇಳಿದ ನರದ ನೋವಿಗೆ, ಇಲ್ಲಾ ಶಕ್ತಿ ಕಮ್ಮಿ ಆದ್ರೆ. ಅಂಥ ಕಾಲು ನೋವಿನವರಲ್ಲೂ ನೆದರ್‌ಲ್ಯಾಂಡ್ಸ್‌ನಲ್ಲಿ 283 ಜನರನ್ನ ನೋಡಿದ್ರು, 2007ರಲ್ಲಿ ಬಂದಿದ್ದು. ಬೇಗ ಆಪರೇಷನ್ ಮಾಡಿಸ್ಕೊಂಡೋರಿಗೆ ನೋವು ಬೇಗ ಇಳೀತು ನಿಜ, ಒಂದು ವರ್ಷ ಆದ ಮೇಲೆ ನೋಡಿದ್ರೆ ಕಾದು ನೋಡಿದ ಗುಂಪೂ ಅಲ್ಲೇ ಬಂದು ನಿಂತಿತ್ತು, ಅವರಲ್ಲಿ ಶೇ. 39 ಜನ ಮಾತ್ರ ಮಧ್ಯೆ ತಡೆಯೋಕಾಗ್ದೆ ಮಾಡಿಸ್ಕೊಂಡಿದ್ರು. ಆಪರೇಷನ್ ಕೆಟ್ಟದ್ದು ಅಂತಲ್ಲ, ಬೇಕಾದೋರಿಗೆ ಅದು ವರ. ನೀವು ಆ ಸಾಲಲ್ಲಿ ಇಲ್ಲ ಅಷ್ಟೇ.

ಆರು ವಾರ ಹಿಡಿಯಿರಿ. ದಿನ ಬಿಟ್ಟು ದಿನ ನೋವು ಏರಿಳಿಯುತ್ತೆ, ಹದಿನೈದು ದಿನ ಚೆನ್ನಾಗಿದ್ದು ಒಂದು ಬೆಳಿಗ್ಗೆ ಮತ್ತೆ ಹಿಡ್ಕೊಳ್ಳುತ್ತೆ, ಆಗ ‘ಬಲ್ಜ್ ಜಾಸ್ತಿ ಆಯ್ತು’ ಅಂತ ಹೊಸ ಎಂಆರ್‌ಐಗೆ ಹೋಗ್ಬೇಡಿ, ಹಿಂದಿನ ರಾತ್ರಿ ಅಲಾರಂ ಎಷ್ಟು ಸಲ ಆಫ್ ಮಾಡಿದ್ರಿ ಅಂತ ನೆನಪು ಮಾಡ್ಕೊಳ್ಳಿ. ಆರು ವಾರ ಆದ್ರೂ ಹಂಗೇ ಇದ್ರೆ, ಇಲ್ಲಾ ನೋವು ಮೊಣಕಾಲು ದಾಟಿ ಕೆಳಗೆ ಬಂದ್ರೆ, ಮೂಳೆ ಡಾಕ್ಟರ್ ಹತ್ರ ಕಾಲಿನ ಶಕ್ತಿ ಪರೀಕ್ಷೆ ಮಾಡಿಸಿ, ಬರೀ ರಿಪೋರ್ಟ್ ತೋರಿಸಿ ಬರ್ಬೇಡಿ, ಮಂಚದ ಮೇಲೆ ಮಲಗಿಸಿ ಕಾಲು ಎತ್ತಿ ನೋಡ್ಲಿ.

ಹಾಂ, ಅತ್ತೆಗೆ 68 ಅಂದ್ರಿ. ಅವರೂ ನೆಲದ ಮೇಲೆ ಮಲಗಿ ಸೊಂಟ ನೋವು ತಡ್ಕೊಂಡು ಓಡಾಡ್ತಾ ಇರ್ಬೋದು, ಹೇಳಲ್ಲ ಅವರು. ಇತ್ತೀಚೆಗೆ ಬೆನ್ನು ಬಾಗಿದ್ಯಾ, ಎತ್ತರ ಕಮ್ಮಿ ಆದ ಹಂಗಿದ್ಯಾ, ಬಚ್ಚಲಲ್ಲಿ ಜಾರಿದ್ದೋ ಕೊಡ ಎತ್ತಿದ್ದೋ ಆದ ಮೇಲೆ ಒಂದೇ ಜಾಗದಲ್ಲಿ ಚುಚ್ಚೋ ನೋವು ಶುರುವಾಗಿದ್ಯಾ ಅಂತ ಕೇಳಿ. ಆ ವಯಸ್ಸಿಗೆ ಮೂಳೆ ಟೊಳ್ಳಾಗಿ ಸಣ್ಣ ಪೆಟ್ಟಿಗೂ ಬೆನ್ನುಮೂಳೆ ಕುಸಿಯುತ್ತೆ. ಅವರಿಗೆ ನನ್ನ ಈ ವ್ಯಾಯಾಮ ಯಾವುದೂ ಹೇಳಿಕೊಡ್ಬೇಡಿ, ಮೊದ್ಲು ಒಂದು ಎಕ್ಸ್‌ರೇ ತೆಗೆಸಿ.